ಮೆರವಣಿಗೆಯಲ್ಲಿ ಅಮ್ಮ

ಸಂಘದ ಕಚೇರಿಯ ಹಿಂದಿನ ಕೋಣೆ,
ಮಾರ್ಚ್ ೧೪, ಬುಧವಾರ

ನನ್ನ ಅಮ್ಮಾ,

ಮಂಡಿನೋವು ಹೇಗಿದೆ? ಕೆಲಸದ ಮನೆಯವರ ಮಗುವನ್ನು ದಿನವಿಡೀ ಸೊಂಟದ ಮೇಲೆ ಹೊತ್ತು ತಿರುಗಬೇಡ. ಅದಕ್ಕೂ ಕಾಲಿದೆ, ನಡೆಯಲಿ. ದುಡಿಯುವವರ ಮೈ ಮಾಲೀಕರ ಸ್ವತ್ತಲ್ಲ ಎಂದು ಹೋದ ಸಲವೂ ಬರೆದಿದ್ದೆ. ನೀನು ಓದಿ ನಕ್ಕಿರುತ್ತೀಯ.

ನಾವು ಮೂವರೂ ಹೇಗೋ ಇದ್ದೇವೆ: ನಾನು, ಅಂಗಡಿ ಬೋರ್ಡು ಬರೆಯುವ ಗಡ್ಡಪ್ಪ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ, ನಾವಿಬ್ಬರೂ ಅಕ್ಕ ಎಂದು ಕರೆಯುವ ಗೆಳತಿ. ಕೆಲಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾರ್ಮಿಕ ಸಂಘದವರು ಈ ಕೋಣೆಯನ್ನು ಬಾಡಿಗೆಯಿಲ್ಲದೆ ಕೊಟ್ಟಿದ್ದಾರೆ. ಬದಲಿಗೆ ಅವರ ಹೊರಗೋಡೆಯ ಮೇಲೆ ಸಿಟ್ಟಿಗೆದ್ದ ಕಾರ್ಮಿಕರ ಮೆರವಣಿಗೆ ಬರೆಯಬೇಕು. ಕಲೆ ಬೀದಿಗಿಳಿಯಬೇಕೆಂದು ಕರಪತ್ರಗಳಲ್ಲಿ ಓದಿದವನು ನಾನು, ಕುಣಿದುಕೊಂಡು ಒಪ್ಪಿದೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಚೌಕ ಹಾಕಿ, ಒಬ್ಬೊಬ್ಬರು ತಮ್ಮ ಪಾಲಿನ ಚೌಕಗಳನ್ನು ತುಂಬಿದೆವು. ಅಟ್ಟಣಿಗೆಯ ಮೇಲೆ ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಂತವರಿಗೆ ಚೌಕ ಕಾಣುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಮೊನ್ನೆ ಕೆಳಗಿಳಿದು ರಸ್ತೆಯಾಚೆ ನಿಂತು ನೋಡಿದರೆ, ಗಡ್ಡಪ್ಪನ ಚೌಕಗಳಲ್ಲಿ ಅವನ ಅಜ್ಜಿ, ಅಕ್ಕನವುಗಳಲ್ಲಿ ಅವಳ ತಮ್ಮಂದಿರು, ನನ್ನವುಗಳಲ್ಲಿ ನೀನು. ಎಲ್ಲರ ಮುಷ್ಟಿಯೂ ಮೇಲಿದೆ. ಮುಖ ಮಾತ್ರ ಊಟ ಮಾಡಿದೆಯಾ ಎಂದು ಕೇಳುವಂತಿದೆ.

ಸಂಘದ ಕಾರ್ಯದರ್ಶಿ ಬಂದವರೇ, "ಇದೇನ್ರಪ್ಪಾ, ಮೆರವಣಿಗೆ ಬರೀರಿ ಅಂದ್ರೆ ಮದುವೆ ಮನೆ ಗ್ರೂಪ್ ಫೋಟೋ ಬರ್ದಿದ್ದೀರಿ" ಎಂದರು. ಮುಂದಿನ ಶನಿವಾರದೊಳಗೆ ಈ ಮುಖಗಳಿಗೆ ಸಿಟ್ಟು ಬರಬೇಕಂತೆ, ಇಲ್ಲದಿದ್ದರೆ ಕೋಣೆ ಖಾಲಿ ಮಾಡಬೇಕಂತೆ. ನಗುಮುಖದವರು ಹಕ್ಕು ಕೇಳಬಾರದೇ ಎಂದು ನಾನು ವಾದಕ್ಕೆ ನಿಂತೆ. "ಭಾಷಣ ಆಮೇಲೆ, ಮೊದ್ಲು ಬ್ರಷ್ ಹಿಡಿ" ಎಂದರು. ಗಡ್ಡಪ್ಪ ತನ್ನ ಅಜ್ಜಿಯ ಹುಬ್ಬು ಗಂಟಿಕ್ಕಿಸಿದ. ಅಕ್ಕ ಮೂಗೊರೆಸಿಕೊಳ್ಳುತ್ತ ತಮ್ಮಂದಿರ ಕೈಯಲ್ಲಿ ಘೋಷಣೆ ಕೂಗಿಸಿದಳು. ಉಳಿದಿರುವುದು ನೀನೊಬ್ಬಳೇ.

ಮಂಡಿಗೆ ಎಣ್ಣೆ ಹಚ್ಚಿಕೋ. ಆ ಮಗುವಿಗೂ ನನ್ನದೊಂದು ಮುದ್ದು, ಅದರದೇನೂ ತಪ್ಪಿಲ್ಲ.

ಇತಿ,
ನಿನ್ನ ಭಾಷಣಕಾರ ಮಗ

ತಾ.ಕ.: ಬೆಳಗ್ಗೆಯಿಂದ ಬ್ರಷ್ ಹಿಡಿದು ನಿಂತಿದ್ದೇನೆ, ಕೈ ಓಡುತ್ತಿಲ್ಲ. ಸಿಟ್ಟು ಬಂದಾಗಲೆಲ್ಲ ನೀನು ಒಲೆಯ ಕಡೆ ತಿರುಗಿಬಿಡುತ್ತಿದ್ದೆ. ನಾನು ನೋಡಿರುವುದು ನಿನ್ನ ಬೆನ್ನನ್ನು ಮಾತ್ರ. ರಜೆ ಕೇಳು, ಕೊಡದಿದ್ದರೆ ಹೇಳದೆಯೇ ಹೊರಟು ಬಾ. ಎದುರಿಗೆ ನಿಂತು, ನನ್ನ ಮುಖ ನೋಡಿ, ಒಮ್ಮೆ ಚೆನ್ನಾಗಿ ಬೈದು ಹೋಗು.