ಬಾಗಿಲ ಬದಿಯ ಎಲೆ

ಕೋಡಿಬಾಗ, ಕಾರವಾರ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವನಿಗೆ,

ಒಂದು ತಾಸು ಬಸ್ಸಿನಲ್ಲಿ ಕೂತರೆ ಅಂಕೋಲೆ ಮುಟ್ಟುವವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಕೇಳಿಯೇ ಕೇಳುತ್ತೀ. ಫೋನಿನಲ್ಲಿ ನಿನಗೆ ಅರ್ಧ ಕೇಳುವುದಿಲ್ಲ, ಉಳಿದ ಅರ್ಧಕ್ಕೆ "ಹಾಂ ಹಾಂ" ಎಂದು ಇಟ್ಟುಬಿಡುತ್ತೀ. ಎದುರು ಕೂತು ಹೇಳಲು ನನಗೆ ಧೈರ್ಯವಿಲ್ಲ. ಚೌತಿಗೆ ಬಂದಾಗ ನೀನು ಹುಡುಕಲು ಹೇಳಿದ್ದ ಕಾಗದದ ನಕಲು ನನ್ನ ಚೀಲದಲ್ಲೇ ಇತ್ತು. ಮೂರು ಸಲ ಜಿಪ್ಪು ಎಳೆದೆ, ಮೂರು ಸಲವೂ ಮುಚ್ಚಿದೆ. ಕೊನೆಗೆ ನೀನು "ಎಂತ ಕಳ್ದೋಯ್ತೆ?" ಎಂದು ಕೇಳಿದೆ, ನಾನು ಕನ್ನಡಕ ಎಂದೆ. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು. ನೀನು ಅದನ್ನು ನೋಡಿಯೂ ಕಾಯಿ ತುರಿಯುತ್ತ ಕೂತೆ.

ಇದನ್ನು ನೀನೇ ಓದು, ಬೆರಳಿಟ್ಟುಕೊಂಡು ಸಾವಕಾಶ ಓದು. ಸುನಿಲನ ಕೈಗೆ ಕೊಡಬೇಡ. ನನ್ನ ತಮ್ಮ ಒಳ್ಳೆಯವನೇ, ಆದರೆ ಅರ್ಧ ಓದಿ ಕಾಲೊನಿಗೆಲ್ಲ ಸಾರಿ ಬರುತ್ತಾನೆ.

ಎಲ್ಲಿಂದ ಶುರು ಮಾಡಲಿ? ಬೆಳಿಗ್ಗೆಯಿಂದ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ನಡುವೆ ಎದ್ದು ಕಾಳಿ ಹೊಳೆಯ ದಂಡೆಯವರೆಗೆ ಹೋಗಿ ಬಂದೆ. ಮಳೆ ಹನಿಯುತ್ತಿತ್ತು, ಛತ್ರಿ ಮರೆತಿದ್ದೆ, ಒದ್ದೆಯಾಗಿಯೇ ಬಂದು ಮತ್ತೆ ಕೂತೆ.

ಏಪ್ರಿಲ್ ತಿಂಗಳಿನಿಂದಲೇ ಶುರು ಮಾಡುತ್ತೇನೆ. ಸುನಿಲ ಮಗಳ ನಿರಾಶ್ರಿತರ ಪ್ರಮಾಣಪತ್ರಕ್ಕೆಂದು ವಂಶವೃಕ್ಷದ ನಕಲು ತಂದಿದ್ದ, ನೆನಪಿದೆಯಲ್ಲ? ಅರ್ಗಾದ ನಮ್ಮ ಮನೆ ಗದ್ದೆಗಳು ನೌಕಾನೆಲೆಗೆ ಹೋಗುವಾಗ ನಿನ್ನ ದೊಡ್ಡಪ್ಪ ಬೀರಜ್ಜ ಬರೆಸಿಕೊಟ್ಟಿದ್ದ ವಂಶವೃಕ್ಷ ಅದು. ಮೇಲೆ ಸೋಮು ಗೌಡ, ಅವನ ಕೆಳಗೆ ಇಬ್ಬರು ಮಕ್ಕಳು. ಹಿರಿಯವ ಬೀರಾ, ಅವನ ಕೆಳಗೆ "ಮಗಳು ಸುಕ್ರಿ" ಎಂದು ನಿನ್ನ ಹೆಸರು. ಕಿರಿಯವ ತಿಮ್ಮು, ಅವನ ಮುಂದೆ "ಕಾಣೆಯಾಗಿದ್ದಾನೆ, ಮಕ್ಕಳಿಲ್ಲ". ಆ "ಮಕ್ಕಳಿಲ್ಲ" ಎಂಬಲ್ಲಿ ನೀನು ಬೆರಳು ಇಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ನಾನು ಬಸ್ಸಿಗೆ ಹೊರಟಾಗ ಬೇಲಿಯ ದಣಪೆಯವರೆಗೂ ಬಂದೆ. ಬಂದು ಹೇಳಿದೆ, "ನೀ ಕಾಗ್ದ ಪತ್ರ ನೋಡುವವ್ಳು. ಅಂವ ನನ್ ಹೆಸ್ರ ಎಲ್ಲಾದ್ರೂ ಬರ್ಸಿದ್ನಾ ನೋಡೆ. ಮತ್ತೆಂತ ಬ್ಯಾಡ."

ನಿನ್ನ ಅರವತ್ತೊಂಬತ್ತು ವರ್ಷದಲ್ಲಿ ನೀನು ನನ್ನಲ್ಲಿ ಕೇಳಿದ್ದು ಇದೊಂದೇ. ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರು ಅಂಟಿಸುವವಳನ್ನು ನೀನು ದೊಡ್ಡ ವಿದ್ವಾಂಸಳೆಂದು ತಿಳಿದಿದ್ದೀ. ಇರಲಿ, ಆ ಹೆಮ್ಮೆಯೂ ಬೇಕಿತ್ತು ನನಗೆ.

ನಮಗೆ ತಿಳಿದ ಕಥೆ ಇಷ್ಟೇ. ಹೊನ್ನಿ ಅಜ್ಜಿ ನಿನ್ನನ್ನು ಹೊತ್ತು ಏಳು ತಿಂಗಳ ಬಸುರಿ ಇದ್ದಾಗ ನಿನ್ನ ಅಪ್ಪ ತಿಮ್ಮಜ್ಜ ಕಾರವಾರ ಬಂದರಿನಿಂದ ಮುಂಬೈಗೆ ಹೋಗಿ ಹಡಗು ಹತ್ತಿದ. ಮತ್ತೆ ಬರಲಿಲ್ಲ. ಗದ್ದೆ ಬದು ಬಿಟ್ಟು ಹೋಗದ ನಮ್ಮ ಜನರಲ್ಲಿ ಅವನೊಬ್ಬನಿಗೆ ಆ ತಿರುಗುವ ಚಟ ಎಲ್ಲಿಂದ ಬಂತೋ! ಸಮುದ್ರ ನುಂಗಿತು ಎಂದ ಬೀರಜ್ಜ. ಹೆಣ ನೋಡದೆ ಎಡೆ ಇಡುವುದಿಲ್ಲ ಎಂದಳು ಅಜ್ಜಿ. ಶಾಲೆಯಲ್ಲಿ ಮಕ್ಕಳು ನಿನ್ನನ್ನು "ಅಪ್ಪ ಇಲ್ದ ಸುಕ್ರಿ" ಎಂದು ಕರೆದು ಅಳಿಸಿದರು. ಮಕ್ಕಳಿಲ್ಲದ ಬೀರಜ್ಜ ಮರುದಿನವೇ ಶಾಲೆಗೆ ಹೋಗಿ ಅಪ್ಪನ ಜಾಗದಲ್ಲಿ ತನ್ನ ಹೆಸರು ಬರೆಸಿದ. ಅಂದಿನಿಂದ ನೀನು ಎಲ್ಲ ಕಡೆ ಸುಕ್ರಿ ಬೀರಾ ಗೌಡ. ರೇಷನ್ ಕಾರ್ಡಿನಿಂದ ಆಧಾರದವರೆಗೂ ಅದೇ. ಹೆಗಲ ಮೇಲೆ ಹೊತ್ತು ಸಾಕಿದವನನ್ನು ಬೈಯಲು ನಾಲಿಗೆ ಏಳುವುದಿಲ್ಲ. ಆದರೂ ಈಗ ನನಗೆ ಅವನ ಮೇಲೆ ಸಿಟ್ಟಿದೆ, ಯಾಕೆಂದು ಮುಂದೆ ಹೇಳುತ್ತೇನೆ.

ಮೇ ತಿಂಗಳಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದೆ. ಅಲ್ಲಿ ಲತಾ ಎಂಬ ಹುಡುಗಿ ಇದ್ದಾಳೆ, ಮನೆಮಾತು ಕೊಂಕಣಿ, ಬಹಳ ತಾಳ್ಮೆಯವಳು. "ಸಾವಕಾಶ ತಿರುವ್ರಿ ಅಕ್ಕಾ, ಹಳೇ ಕಾಗ್ದ, ಕೈಯಲ್ಲೇ ಪುಡಿ ಆಗ್ತದೆ" ಎಂದು ಒಂದೊಂದೇ ಕಟ್ಟು ಬಿಚ್ಚಿ ಕೊಡುತ್ತಿದ್ದಳು. ಜೂನ್ ಹೋಯಿತು, ಜುಲೈ ಹೋಯಿತು. ಬರೀ ಬೀರಾ ಸೋಮು ಗೌಡ, ಬೀರಾ ಸೋಮು ಗೌಡ. ಸಾಕು ಬಿಡು ಎಂದುಕೊಂಡಿದ್ದೆ. ಚೌತಿಯ ಹಿಂದಿನ ಶುಕ್ರವಾರ ಒಂದು ಕಟ್ಟಿನ ನಡುವೆ ಮಡಚಿದ ಹಾಳೆ ಸಿಕ್ಕಿತು. ೧೯೬೪ನೇ ಇಸವಿ, ಮೇ ತಿಂಗಳು. ಅರ್ಗಾದ ಜಮೀನು ಲೆಕ್ಕದ ತಲಾಟಿ ಬರೆದುಕೊಂಡ ಹೇಳಿಕೆ. ಇದ್ದದ್ದು ಇದ್ದ ಹಾಗೆ ಇಳಿಸುತ್ತೇನೆ:

"ನಾನು ತಿಮ್ಮು ಸೋಮು ಗೌಡ, ವಯಸ್ಸು ಸುಮಾರು ಮೂವತ್ತೈದು, ಮೂಲ ವಸ್ತಿ ಅರ್ಗಾ, ಹಾಲಿ ವಸ್ತಿ ಮೊಂಬಾಸಾ, ಬರೆಸಿಕೊಟ್ಟ ಹೇಳಿಕೆ ಏನೆಂದರೆ, ನನಗೆ ಅಲ್ಲಿ ಬೇರೆ ಸಂಸಾರ ಇದ್ದು ನಾನು ತಿರುಗಿ ಊರಿಗೆ ಬರತಕ್ಕವನಲ್ಲ. ನನ್ನ ಪಾಲಿನ ಗದ್ದೆಯನ್ನು ನನ್ನ ಹೆಂಡತಿ ಹೊನ್ನಿ, ವಯಸ್ಸು ಸುಮಾರು ಇಪ್ಪತ್ತೆಂಟು, ಹಾಗೂ ನನ್ನ ಮಗಳು ಸುಕ್ರಿ, ವಯಸ್ಸು ಎಂಟು ವರ್ಷ ಎರಡು ತಿಂಗಳು, ಇವರು ಉಂಡುಕೊಂಡು ಇರತಕ್ಕದ್ದು."

ಇಲ್ಲಿ ಸ್ವಲ್ಪ ನಿಲ್ಲು ಅವ್ವಾ. ನೀರು ಕುಡಿದು ಬಾ.

ಬರೆಸಿದ್ದಾನೆ. ನಿನ್ನ ಹೆಸರು ಬರೆಸಿದ್ದಾನೆ. ಅವನಿಗೂ ಸುಮಾರು, ಅಜ್ಜಿಗೂ ಸುಮಾರು, ನಿನಗೆ ಮಾತ್ರ ಎಂಟು ವರ್ಷ ಎರಡು ತಿಂಗಳು. ನಿನ್ನ ಶಾಲೆಯ ದಾಖಲೆಯಲ್ಲಿ ಎಲ್ಲರ ಹಾಗೆ ಜೂನ್ ಒಂದು ಎಂದಿದೆ. ಈ ಲೆಕ್ಕದಲ್ಲಿ ನೀನು ಹುಟ್ಟಿದ್ದು ಮಾರ್ಚಿನಲ್ಲಿ. ಅಲ್ಲೇ ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಲತಾ ಗಾಬರಿಯಾಗಿ ಫ್ಯಾನು ಜೋರು ಮಾಡಿದಳು, ಕಾಗದಗಳೆಲ್ಲ ಹಾರಿದವು, ಇಬ್ಬರೂ ಸೇರಿ ಆರಿಸಿದೆವು.

ಇಷ್ಟೇ ಆಗಿದ್ದರೆ ಚೌತಿಯ ದಿನವೇ ನಿನ್ನ ಮಡಿಲಿಗೆ ಹಾಕುತ್ತಿದ್ದೆ. ಆದರೆ ಅದರ ಕೆಳಗೆ ಎರಡು ಹೆಬ್ಬೆಟ್ಟು ಇವೆ. ಸಾಕ್ಷಿ, ಬೀರಾ ಸೋಮು ಗೌಡ. ಸಾಕ್ಷಿ, ಹೊನ್ನಿ ಕೋಂ ತಿಮ್ಮು ಗೌಡ.

ಅವನು ಬಂದಿದ್ದ ಅವ್ವಾ. ನಿನಗೆ ಎಂಟು ವರ್ಷವಾಗಿದ್ದಾಗ ಅರ್ಗಾಕ್ಕೆ ಬಂದಿದ್ದ. ಅಜ್ಜಿ ಅವನ ಪಕ್ಕ ನಿಂತು ಹೆಬ್ಬೆಟ್ಟು ಒತ್ತಿದ್ದಾಳೆ. ಬೀರಜ್ಜನೂ ಒತ್ತಿದ್ದಾನೆ. ಒತ್ತಿ ಬಂದವನು ಮುಂದೆ "ಮಕ್ಕಳಿಲ್ಲ" ಎಂದು ಬರೆಸಿದ. ನನ್ನ ಸಿಟ್ಟು ಇದಕ್ಕೆ.

ನೀನು ಆಗ ಎಲ್ಲಿದ್ದೆ ಎಂದು ನಾನು ಮೂರು ವಾರದಿಂದ ಯೋಚಿಸುತ್ತಿದ್ದೇನೆ, ಪುಸ್ತಕಕ್ಕೆ ತಪ್ಪು ನಂಬರು ಅಂಟಿಸಿ ಬೈಸಿಕೊಂಡಿದ್ದೇನೆ. ಆಮೇಲೆ ನೀನೇ ಹೇಳುತ್ತಿದ್ದ ಕಥೆ ನೆನಪಾಯಿತು. ಸಣ್ಣವಳಿದ್ದಾಗ ಒಂದು ಸಲ ನಿನ್ನನ್ನು ಅಂಕೋಲೆಯ ಸಣ್ಣಜ್ಜಿಯ ಮನೆಯಲ್ಲಿ ಎಂಟು ದಿನ ಬಿಟ್ಟಿದ್ದರು, ಕರಿ ಈಶಾಡ ಮಾವಿನಹಣ್ಣು ತಿಂದೂ ತಿಂದೂ ನಿನ್ನ ಬಾಯಿ ಹುಣ್ಣಾಗಿತ್ತು. ಮನೆಗೆ ಬಂದಾಗ ಒಲೆಯ ಪಕ್ಕ ಆನೆಯ ಚಿತ್ರದ, ಚಾಪುಡಿಯ ತಗಡಿನ ಡಬ್ಬ ಇತ್ತು. ಎಲ್ಲಿಯದು ಎಂದು ಕೇಳಿದ್ದಕ್ಕೆ ಅಜ್ಜಿ ಸಂತೆಯದು ಎಂದಳಂತೆ. ನೀನು ಈಗ ಸಾಸಿವೆ ಹಾಕಿಡುವ ಡಬ್ಬ ಅದೇ ಅಲ್ಲವೇ? ಈಶಾಡ ಹಣ್ಣಾಗುವುದು ಮೇ ತಿಂಗಳಿನಲ್ಲಿ.

ಹೋಗಲಿಕ್ಕೆಂದೇ ಬಂದವನನ್ನು ಮಗುವಿಗೆ ತೋರಿಸುವುದು ಬೇಡ ಎಂದು ಅಜ್ಜಿಗೆ ಅನಿಸಿರಬೇಕು. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಒಂದು ದಿನ ಸರಿ ಎನಿಸುತ್ತದೆ, ಮರುದಿನ ಅನ್ಯಾಯ ಎನಿಸುತ್ತದೆ. ಅಪ್ಪನ ಮುಖವನ್ನು ಒಂದು ಸಲ ದೂರದಿಂದಾದರೂ ನಿನಗೆ ತೋರಿಸಬಹುದಿತ್ತು. ಅರ್ಗಾದಿಂದ ಅಂಕೋಲೆ ಏನು ಮಹಾ ದೂರ!

ಇದನ್ನು ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನೀನು ಕೇಳದೇ ಇದ್ದದ್ದನ್ನೂ ಹುಡುಕಿದೆ, ಅದು ನನ್ನ ತಪ್ಪು. ಅವನು ಸತ್ತದ್ದು ಗೊತ್ತಾದರೆ ಈ ಮಹಾಲಯ ಅಮಾಸೆಗೆ ನೀನು ಅವನಿಗೊಂದು ಎಡೆ ಇಡಬಹುದಲ್ಲ ಎನ್ನುವ ಆಸೆ. ಮುಂಬೈಯಲ್ಲಿರುವ ನಮ್ಮ ಕಾಲೊನಿಯ ರೂಪೇಶನಿಗೆ ಫೋನು ಮಾಡಿ ಪೀಡಿಸಿದೆ. ಅವನಿಗೂ ಹಡಗಿನ ಕಂಪನಿಯ ಕೆಲಸ, ಹಳೆಯ ದಾಖಲೆ ಎಲ್ಲಿ ಸಿಗುತ್ತವೆ ಎಂದು ಗೊತ್ತು. ಹಡಗು ಕೆಲಸಗಾರರ ರಿಜಿಸ್ಟರಿನಲ್ಲಿ ಅಜ್ಜನ ಹೆಸರು ಸಿಕ್ಕಿತು. ನಿನ್ನೆ ಸಂಜೆ ಓದಿ ಹೇಳಿದ. ೧೯೫೬ರಲ್ಲಿ ಸೇರಿದ್ದು, ಎರಡು ವರ್ಷಕ್ಕೆ ಆಫ್ರಿಕದ ಮೊಂಬಾಸಾದಲ್ಲಿ ಹಡಗು ಬಿಟ್ಟು ಅಲ್ಲಿಯ ಬಂದರಿನಲ್ಲೇ ಕೆಲಸಕ್ಕೆ ನಿಂತದ್ದು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ: ೧೯೭೯ ಆಗಸ್ಟ್, ಮೊಂಬಾಸಾದಲ್ಲಿ ಮರಣ. ಅಲ್ಲಿಯ ಮನೆಯವರು ಕೊಟ್ಟ ಸುದ್ದಿಯನ್ನು ಹೆಂಡತಿ ಹೊನ್ನಿಗೆ ರಿಜಿಸ್ಟರ್ ಅಂಚೆಯಲ್ಲಿ ತಿಳಿಸಲಾಗಿದೆ, ಸ್ವೀಕೃತಿ ಚೀಟಿ ಡಿಸೆಂಬರಿನಲ್ಲಿ ತಿರುಗಿ ಬಂದಿದೆ. ಆ ಚೀಟಿಯನ್ನೂ ಪುಟಕ್ಕೆ ಅಂಟಿಸಿದ್ದಾರಂತೆ, ಸೋಮವಾರ ಫೋಟೋ ತೆಗೆದು ಕಳಿಸುತ್ತೇನೆ ಎಂದಿದ್ದಾನೆ. ಅಜ್ಜಿಯ ಹೆಬ್ಬೆಟ್ಟೇ ಇರಬೇಕು. ಅವಳಿಗೆ ಓದು ಎಲ್ಲಿತ್ತು?

ಅಂದರೆ ಅಜ್ಜಿಗೆ ಗೊತ್ತಾಗಿತ್ತು. ಕುಂಕುಮ ಹಚ್ಚಿದರೆ ಹಣೆ ಕೆರೆಯುತ್ತದೆ ಎಂದು ಬಿಟ್ಟಳಂತಲ್ಲ, ಅದು ನಾನು ಹುಟ್ಟಿದ ವರ್ಷ ಎಂದು ನೀನೇ ಹೇಳಿದ್ದೀ. ನಾನು ಹುಟ್ಟಿದ್ದು ಎಂಬತ್ತರ ಜನವರಿ.

ಇನ್ನೊಂದು ಇದೆ. ಅಮಾಸೆಯ ದಿನ ಹಿರಿಯರಿಗೆ ಎಡೆ ಇಡುವಾಗ ಸಾಲಿನ ಕೊನೆಯಲ್ಲಿ, ಬಾಗಿಲ ಬದಿಗೆ, ಅಜ್ಜಿ ಒಂದು ಎಲೆ ಹೆಚ್ಚಿಗೆ ಹಾಕುತ್ತಿದ್ದಳು. ದಾರಿಹೋಕರಿಗೆ ಎಂದು ನಮಗೆಲ್ಲ ಹೇಳಿದ್ದು. ಅವಳ ನಂತರ ನೀನೂ ಹಾಗೆಯೇ ಹಾಕುತ್ತೀ. ಉಳಿದ ಎಲೆಗಳಿಗೆ ಅನ್ನ, ವಡೆ, ಪಾಯಸ. ಆ ಎಲೆಗೆ ಅದರ ಜೊತೆ ಒಂದು ಲೋಟ ಕರಿ ಚಾ, ಸಕ್ಕರೆ ಇಲ್ಲ, ಒಂದು ಹರಳು ಉಪ್ಪು. ದಾರಿಹೋಕರು ಉಪ್ಪಿನ ಚಾ ಯಾಕೆ ಕುಡಿಯುತ್ತಾರೆ ಎಂದು ನಾನು ಕೇಳಿ ನಿನ್ನಿಂದ ತಲೆಗೆ ಮೊಟಕಿಸಿಕೊಂಡಿದ್ದೇನೆ. ತಿಮ್ಮು ಹಡಗು ಹತ್ತುವಾಗ ನಮ್ಮ ಮನೆಯಲ್ಲಿ ಚಾ ಕಂಡವರೇ ಇರಲಿಲ್ಲ, ಗಂಜಿಯ ತಿಳಿಯೇ ಎಲ್ಲ ಎಂದು ಬೀರಜ್ಜ ಹೇಳುತ್ತಿದ್ದ. ಹಾಗಾದರೆ ಅವನು ಚಾ ಹೇಗೆ ಕುಡಿಯುತ್ತಾನೆಂದು ಅಜ್ಜಿಗೆ ಗೊತ್ತಾದದ್ದು ಆ ಎಂಟು ದಿನಗಳಲ್ಲಿ. ಆ ಡಬ್ಬದ ಚಾವನ್ನು ಅವಳೇ ಕಾಯಿಸಿ ಕೊಟ್ಟಿರಬೇಕು.

ಅವ್ವಾ, ನೀನು ಇಷ್ಟು ವರ್ಷ ನಿನಗೇ ತಿಳಿಯದೆ ನಿನ್ನ ಅಪ್ಪನಿಗೆ ಎಡೆ ಇಡುತ್ತ ಬಂದಿದ್ದೀ. ಹೇಳಬೇಕಾದದ್ದು ಇದೇ. ಇದನ್ನು ಓದಿ ನಿನಗೆ ಅಜ್ಜಿಯ ಮೇಲೆ ಸಿಟ್ಟು ಬಂದರೆ, ಈ ವಯಸ್ಸಿನಲ್ಲಿ ನಿನ್ನ ನೆಮ್ಮದಿ ಕೆಡಿಸಿದವಳು ನಾನಾಗುತ್ತೇನೆ. ಅದೇ ಹೆದರಿಕೆಗೆ ಚೀಲದ ಜಿಪ್ಪು ಮುಚ್ಚಿದ್ದು. ಬೇಡದಿದ್ದರೆ ಕಾಗದ ಒಲೆಗೆ ಹಾಕು. ಜೊತೆಗಿಟ್ಟ ೧೯೬೪ರ ನಕಲನ್ನು ಮಾತ್ರ ಹಾಕಬೇಡ, ಅದರಲ್ಲಿ ನಿನ್ನ ಹೆಸರಿದೆ.

ಬರುವ ಭಾನುವಾರ ಅಮಾಸೆ. ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಮಗಳು,
ದೀಪಾ

ತಾ.ಕ. (ಸೋಮವಾರ ಬೆಳಿಗ್ಗೆ) ಲಕೋಟೆ ಅಂಟಿಸಬೇಕು ಎನ್ನುವಾಗ ರೂಪೇಶನ ಫೋಟೋ ಬಂತು. ಸ್ವೀಕೃತಿ ಚೀಟಿಯಲ್ಲಿ ಹೆಬ್ಬೆಟ್ಟು ಇಲ್ಲ. ಸಹಿ ಇದೆ. ಕನ್ನಡದಲ್ಲಿ, ದುಂಡಗೆ, ಒಂದೊಂದು ಅಕ್ಷರ ಬಿಡಿ ಬಿಡಿ, ನನ್ನ ಶಾಲೆಯ ಪ್ರಗತಿ ಪತ್ರದ ಮೇಲೆಲ್ಲ ಇರುವ ಅದೇ ಕೈಬರಹ. ಆದರೆ ಪ್ರಗತಿ ಪತ್ರದಲ್ಲಿ ನೀನು ಬೀರಾ ಎಂದು ಬರೆಯುತ್ತಿದ್ದೆ. ಇಲ್ಲಿ ಬರೆದದ್ದು "ಸುಕ್ರಿ ತಿಮ್ಮು ಗೌಡ".

ಆ ಮನೆಯಲ್ಲಿ ನಾಲ್ಕನೇ ಇಯತ್ತೆ ಓದಿದವಳು ನೀನೊಬ್ಬಳೇ. ಕಾಗದ ಬಿಡಿಸಿ ಅಜ್ಜಿಗೆ ಓದಿ ಹೇಳಿದವಳೂ ನೀನೇ ಇರಬೇಕು, ನಾನು ಆಗ ನಿನ್ನ ಹೊಟ್ಟೆಯಲ್ಲಿದ್ದೆ. ಅವನು ಇದ್ದಾನೋ ಸತ್ತನೋ ಎಂದು ನೀನು ನನ್ನಲ್ಲಿ ಒಂದು ಸಲವೂ ಕೇಳಲಿಲ್ಲ, ಅದು ನನಗೆ ಈಗ ಹೊಳೆಯುತ್ತಿದೆ. ಕೇಳಿದ್ದು ಹೆಸರು ಬರೆಸಿದ್ದಾನೋ ಎಂದು ಮಾತ್ರ. ನೀನು ಅವನ ಹೆಸರು ಬರೆದಿದ್ದೆ, ಅವನು ನಿನ್ನದು ಬರೆಸಿದ್ದನೋ ಇಲ್ಲವೋ ಅದೊಂದು ಉಳಿದಿತ್ತು.

"ನಿನಗೇ ತಿಳಿಯದೆ" ಎಂದು ಬರೆದದ್ದೂ ಸೇರಿ ಮೇಲಿನದೇನನ್ನೂ ಹೊಡೆದುಹಾಕಿಲ್ಲ, ಹಾಗೆಯೇ ಕಳಿಸುತ್ತಿದ್ದೇನೆ. ಈ ಸಲ ಬಾಗಿಲ ಬದಿಯ ಎಲೆಯ ಚಾ ನಾನು ಕಾಯಿಸುತ್ತೇನೆ. ಉಪ್ಪು ಎಷ್ಟು ಎಂದು ನೀನು ಹೇಳು.