ತಾವು ಎಂದು ಬರೆದ ತಂಗಿಗೆ

ಸುದ್ದಗುಂಟೆಪಾಳ್ಯ, ಬೆಂಗಳೂರು
ಜುಲೈ 1998

ತಂಗಿ ತಂಗೆವ್ವನಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾರ್ಡು ಬಂತು. ‘ತಾವು ಆರಾಮ ಇದ್ದೀರೆಂದು ನಂಬಿದ್ದೇನೆ’ ಎಂದು ಬರೆದಿದ್ದೀ. ನಿನ್ನ ಅತ್ತಿಗೆಯ ಆಪರೇಷನ್ ಸುದ್ದಿ ನಿನಗೆ ತಿಳಿಸಲಿಲ್ಲವೆಂಬ ಸಿಟ್ಟು ಆ ‘ತಾವು’ ಎಂಬುದರಲ್ಲೇ ಗೊತ್ತಾಯಿತು.

ಈ ಊರಲ್ಲಿ ಜನರ ಮಾತು ಕೇಳುತ್ತ ಕೂರುವುದೇ ನನ್ನ ಕೆಲಸ. ಕೆಳಗಿನ ಚಹಾ ಅಂಗಡಿಯಲ್ಲಿ ಜೀವದ ಗೆಳೆಯರು ಸಿಕ್ಕರೆ, ‘ಎಲ್ಲೋ ಸತ್ತಿದ್ದೆ ಇಷ್ಟ್ ದಿನ, ಮಗಾ?’ ಎನ್ನುತ್ತಾರೆ. ಮೇಲಿನ ಮನೆಯ ಗಂಡ ಹೆಂಡತಿ ಮಾತ್ರ ಜಗಳವಾದ ದಿನ ಬಲು ಮರ್ಯಾದಸ್ತರು.

‘ಮೇಡಂ, ತಾವು ಊಟ ಮಾಡ್ಬೋದು.’

‘ತಾವು ಮೊದ್ಲು ಮಾಡಿ ಸಾರ್.’

ಆ ದಿನ ಇಬ್ಬರೂ ಉಣ್ಣುವುದಿಲ್ಲ. ದೇವರನ್ನೂ ಅವ್ವನನ್ನೂ ನಾವು ‘ನೀ’ ಎಂದೇ ಕರೆದು ಬೆಳೆದವರಲ್ಲವೇ?

ನಿನ್ನ ಅತ್ತಿಗೆ ಈಗ ಎದ್ದು ಕೂರುತ್ತಾಳೆ. ಗಂಜಿ ಕುಡಿದು ಬೇಸತ್ತಿದ್ದಾಳೆ. ನಿನ್ನ ಕೈಯ ಶೇಂಗಾ ಚಟ್ನಿ ಬೇಕಂತೆ. ತೆಗೆದುಕೊಂಡು ಬಾ. ಬಾಗಿಲಲ್ಲೇ ನಿಂತು, ‘ಅಣ್ಣಾ, ನೀ ನನ್ನ ಹೊರಗಿನಾಕಿ ಅಂತ ತಿಳದೀ ಏನ?’ ಎಂದು ಓಣಿಗೆಲ್ಲ ಕೇಳುವ ಹಾಗೆ ಬೈ. ಬೈದು ಮುಗಿದ ಮೇಲೆ ಒಳಗೆ ಬಾ, ಚಹಾಕ್ಕೆ ಇಟ್ಟಿರುತ್ತೇನೆ.

ನಿನ್ನ ಅಣ್ಣ
ದುಂಡಪ್ಪ