ಹೊಗೆಗೂಡಿನ ಇಟ್ಟಿಗೆ

ಅಪ್ಪ,

ನೀನು ಎಲೆತೋಟದಿಂದ ಬರುವಷ್ಟರಲ್ಲಿ ನಾನು ಹಾನಗಲ್ಲಿಗೆ ಹೋಗಿರುತ್ತೇನೆ.

ಗೌಂಡಿ ಮೌಲಾಸಾಬ ಬಂದು ಹೊಗೆಗೂಡು ನೋಡಿದ. ಕೆಳಗಿನ ಇಟ್ಟಿಗೆ ಬಡಿದರೆ ಠಣ್ ಎನ್ನುತ್ತದೆ, ಮಾಳಿಗೆಯ ಮೇಲಿನದು ಉಗುರಿನಿಂದ ಕೆರೆದರೂ ಪುಡಿಯಾಗುತ್ತದೆ.

"ಒಲಿ ಹಚ್ಚಿ ಎಷ್ಟ ದಿನಾ ಆತವ್ವಾ?" ಎಂದು ಕೇಳಿದ. ಅವ್ವ ತೀರಿದಾಗಿನಿಂದ ಹಚ್ಚಿಲ್ಲ, ಪಡಸಾಲೆಯಲ್ಲಿ ಗ್ಯಾಸ್ ಇಟ್ಟುಕೊಂಡಿದ್ದೇವೆ ಎಂದೆ.

"ಅದಕ್ಕ ಮತ್ತ. ಎರಡು ಮಳಿಗಾಲದ ನೀರು ಕುಡದೈತಿ. ಬೆಂಕಿ ಇದ್ದಿದ್ರ ಆರ್ತಿತ್ತು."

ಕೆಳಗೂ ಮೇಲೂ ಒಂದೇ ಭಟ್ಟಿಯ ಇಟ್ಟಿಗೆ; ಕೊಟ್ಟವನನ್ನು ಬೈಯುವುದು ಇನ್ನು ಸಾಕು ಮಾಡು.

ದುರಸ್ತಿಗೆ ಮುಂಚೆ ಎಂಟು ದಿನ ಸಣ್ಣ ಉರಿ ಹಾಕಿ ಒಣಗಿಸಬೇಕಂತೆ. ಕಟ್ಟಿಗೆ ಹಿತ್ತಲಲ್ಲಿದೆ, ಇವತ್ತೇ ಹಚ್ಚು.

ಒಲೆಯ ಮೇಲೆ ಅವ್ವನ ಹಂಚು ಹಾಗೇ ಇದೆ. ನನಗೆ ಎತ್ತಲು ಆಗಲಿಲ್ಲ, ನೀನೇ ಎತ್ತಿಡು. ಅದಕ್ಕೆ ಅಂಟಿದ ರೊಟ್ಟಿಹಿಟ್ಟನ್ನು ಒರೆಸಬೇಡ.

ನೀಲಾ